ಮನೆಯಿಂದ ಮೊದಲಿಗರಾಗಿ ಕಾಲೇಜಿಗೆ ಹೊರಟವರಿಗೆ



ಏಪ್ರಿಲ್, ಮೇ ತಿಂಗಳು ಬಂತೆಂದರೆ ನಮ್ಮ ಊರುಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ರಿಸಲ್ಟ್ ಬಂತಾ? ಎಷ್ಟು ಪರ್ಸೆಂಟ್?’ ಅದಕ್ಕೆ ಉತ್ತರ ಸಿಕ್ಕ ಕೂಡಲೇ ಇನ್ನೊಂದು ಪ್ರಶ್ನೆ ಏಳುತ್ತದೆ: ‘ಮುಂದೇನು?’ ಅಪ್ಪ ಅಮ್ಮ ಕಾಲೇಜು ಓದಿರುವ ಮನೆಯಲ್ಲಿ ಈ ಎರಡನೆಯ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಯಾವ ಕೋರ್ಸಿಗೆ ಯಾವ ವಿಷಯ ಬೇಕು, ಅರ್ಜಿ ಯಾವಾಗ ಹಾಕಬೇಕು, ಯಾವ ಪ್ರಮಾಣಪತ್ರ ಎಲ್ಲಿ ಸಿಗುತ್ತದೆ ಎಂಬುದನ್ನು ಆ ಮನೆಯ ಮಕ್ಕಳು ಊಟದ ಹೊತ್ತಿನ ಮಾತಿನಲ್ಲೇ ಕಲಿತುಬಿಡುತ್ತಾರೆ. ಆದರೆ ಕೂಲಿಗೆ ಹೋಗುವ, ಎರಡೆಕರೆ ಹೊಲ ಮಾಡುವ, ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಂದೆ ತಾಯಿಗಳ ಮಗಳು ಅಷ್ಟೇ ಅಂಕ ತೆಗೆದರೂ ಅವಳಿಗೆ ಇದನ್ನು ಹೇಳುವವರು ಮನೆಯಲ್ಲಿ ಇರುವುದಿಲ್ಲ. ಇಬ್ಬರ ಬುದ್ಧಿಯಲ್ಲಿ ವ್ಯತ್ಯಾಸವಿಲ್ಲ, ತಿಳಿವಳಿಕೆ ತಲುಪುವ ಹೊತ್ತಿನಲ್ಲಿ ಇದೆ. ಆ ತಿಳಿವಳಿಕೆಯನ್ನು ಸಕಾಲದಲ್ಲಿ ತಲುಪಿಸುವುದು ಹೇಗೆ ಎಂಬುದೇ ಈ ಹೊತ್ತಿನ ನನ್ನ ಮಾತು.

ನೂರು ವರ್ಷಗಳ ಹಿಂದೆ ಬಡ ವಿದ್ಯಾರ್ಥಿಗೆ ಎದುರಾಗುತ್ತಿದ್ದ ಮೊದಲ ತೊಡಕು ಅನ್ನ ಮತ್ತು ಆಸರೆಯದು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವ ವಾರಾನ್ನದ ಪದ್ಧತಿಯಲ್ಲಿ ಓದಿದವರ ಕಥೆಗಳನ್ನು ನಾವು ಕೇಳಿದ್ದೇವೆ. ಆ ಬಾಗಿಲೂ ಎಲ್ಲ ಜಾತಿಯ ಮಕ್ಕಳಿಗೆ ತೆರೆದಿರಲಿಲ್ಲ. ಸಿದ್ಧಗಂಗೆಯಂಥ ಮಠಗಳು, ಅನೇಕ ಸಮುದಾಯಗಳ ಉಚಿತ ವಿದ್ಯಾರ್ಥಿ ನಿಲಯಗಳು ಆ ಕೊರತೆಯನ್ನು ತುಂಬಲು ನಿಂತವು. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಹಿಂದುಳಿದ ಸಮುದಾಯಗಳ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಬೇಕೆಂದು ಆ ಸಮಿತಿ ಹೇಳಿತು. ಇಂದು ಹಾಸ್ಟೆಲ್ ಇದೆ, ವಿದ್ಯಾರ್ಥಿವೇತನ ಇದೆ, ಮೀಸಲಾತಿ ಇದೆ, ಬ್ಯಾಂಕ್ ಸಾಲವೂ ಇದೆ. ಆದರೆ ಇವೆಲ್ಲ ಅರ್ಜಿ, ದಾಖಲೆ, ಕೊನೆಯ ದಿನಾಂಕ ಎಂಬ ಮೂರು ಬಾಗಿಲುಗಳ ಆಚೆ ಇವೆ. ದಿನಾಂಕ ಮೀರಿದ ಮೇಲೆ ತಿಳಿದು ಪ್ರಯೋಜನವಿಲ್ಲ.

ಹತ್ತನೆಯ ತರಗತಿಯಿಂದಲೇ ಶುರು ಮಾಡೋಣ. ಎಸ್‌ಎಸ್‌ಎಲ್‌ಸಿ ನಂತರ ಆರಿಸಿಕೊಳ್ಳುವ ಕಾಂಬಿನೇಷನ್ ಮುಂದಿನ ಹಲವು ದಾರಿಗಳನ್ನು ತೆರೆಯುತ್ತದೆ, ಕೆಲವನ್ನು ಮುಚ್ಚುತ್ತದೆ. ಪಿಯುಸಿಯಲ್ಲಿ ಕಲಾ ವಿಭಾಗ ತೆಗೆದುಕೊಂಡವರು ಆ ಪಿಯುಸಿಯ ಮೇಲೆ ಎಂಜಿನಿಯರಿಂಗ್‌ಗಾಗಲಿ ವೈದ್ಯಕೀಯಕ್ಕಾಗಲಿ ಹೋಗಲಾರರು. ಗಣಿತ ಬಿಟ್ಟವರಿಗೆ ಎಂಜಿನಿಯರಿಂಗ್ ಇಲ್ಲ, ಜೀವಶಾಸ್ತ್ರ ಬಿಟ್ಟವರಿಗೆ ವೈದ್ಯಕೀಯದ ನೀಟ್ ದಾರಿ ಸುಲಭವಲ್ಲ. ಹಾಗೆಂದು ಎಲ್ಲರೂ ವಿಜ್ಞಾನವನ್ನೇ ಹಿಡಿಯಬೇಕು ಎಂದು ನಾನು ಹೇಳುವುದಿಲ್ಲ. ಐದು ವರ್ಷಗಳ ಕಾನೂನು ಪದವಿಗೆ ಯಾವ ವಿಭಾಗದಿಂದಲೂ ಹೋಗಬಹುದು. ಐಎಎಸ್, ಕೆಎಎಸ್ ಪರೀಕ್ಷೆಗಳಿಗೆ ಯಾವುದೇ ಪದವಿ ಸಾಕು. ಎಸ್‌ಎಸ್‌ಎಲ್‌ಸಿ ಮುಗಿಸಿ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೇ ಸೇರಬಹುದು. ಸ್ನೇಹಿತೆ ತೆಗೆದುಕೊಂಡಳು, ಪಕ್ಕದ ಮನೆಯವರು ಹೇಳಿದರು ಎಂದು ಆಯ್ಕೆ ಮಾಡಿದರೆ ಆ ಭಾರವನ್ನು ಹೊರುವುದು ಮಗುವೇ. ಹಾಗಾಗಿ ಒಂಬತ್ತನೆಯ ತರಗತಿಯಲ್ಲೇ ಮಗುವಿನ ಜೊತೆ ಕುಳಿತು ಮಾತಾಡಬೇಕು.

ಇನ್ನು ದಾಖಲೆಗಳು. ನಾಡಕಚೇರಿಯಲ್ಲಿ ಪಡೆಯುವ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ‘ಆರ್‌ಡಿ’ ಎಂದು ಆರಂಭವಾಗುವ ಒಂದು ಸಂಖ್ಯೆ ಇರುತ್ತದೆ. ಎಂಜಿನಿಯರಿಂಗ್‌ನಂಥ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯ ಅರ್ಜಿಗೂ ವಿದ್ಯಾರ್ಥಿವೇತನಕ್ಕೂ ಅದು ಬೇಕು. ಆದಾಯ ಪ್ರಮಾಣಪತ್ರಕ್ಕೆ ಅವಧಿ ಉಂಟು, ಮುಗಿದಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಒಂದರಿಂದ ಹತ್ತನೆಯ ತರಗತಿವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಸಿಇಟಿ ಮೂಲಕ ತುಂಬುವ ಸರ್ಕಾರಿ ಸೀಟುಗಳಲ್ಲಿ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಿದೆ. ಇವಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರವನ್ನು ಓದಿದ ಶಾಲೆಯಿಂದ ತಂದು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯಲ್ಲಿ ಮೇಲುಸಹಿ ಹಾಕಿಸಬೇಕು. ಮೂರು ಊರಿನಲ್ಲಿ ಓದಿದ ಮಗುವಿಗೆ ಮೂರು ಶಾಲೆ ಅಲೆಯುವ ಕೆಲಸ ಇದು, ಅರ್ಜಿ ಹಾಕುವ ವಾರದಲ್ಲಿ ಮುಗಿಯುವುದಿಲ್ಲ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ 371ಜೆ ವಿಧಿಯ ಬಲವಿದೆ. 2012ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯಡಿ ಆ ಭಾಗದ ಕಾಲೇಜುಗಳಲ್ಲಿ ಶೇ. 70 ಸೀಟುಗಳು ಸ್ಥಳೀಯರಿಗೇ ಮೀಸಲು, ರಾಜ್ಯದ ಉಳಿದ ಕಡೆ ಶೇ. 8. ಇದರ ಅರ್ಹತಾ ಪ್ರಮಾಣಪತ್ರ ಕೊಡುವುದು ಉಪವಿಭಾಗಾಧಿಕಾರಿ ಕಚೇರಿ.

ಕೃಷಿ ಪದವಿಗೆ ಹೋಗಬಯಸುವ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಹೊಲದಲ್ಲಿ ಬೆಳೆದ ಮಗು ಕಣ್ಣಾರೆ ಕಂಡು ಕಲಿತದ್ದಕ್ಕೆ ಅಂಕ ಸಿಗುವ ಪರೀಕ್ಷೆ ಅದು. ಗಡಿನಾಡು, ಹೊರನಾಡು ಕನ್ನಡಿಗರ ಮಕ್ಕಳೂ ಕನ್ನಡ ಭಾಷಾ ಪರೀಕ್ಷೆ ಬರೆದು ಸಿಇಟಿ ಸೀಟಿಗೆ ಅರ್ಹರಾಗಬಹುದು. ಕಾಸರಗೋಡಿನಲ್ಲಿ, ಸೊಲ್ಲಾಪುರದಲ್ಲಿ ಈ ಮಾತು ಕೇಳುತ್ತಿರುವವರು ಗಮನಿಸಿ.

ದಾಖಲೆಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮೂರರಲ್ಲೂ ಹೆಸರು, ಇನಿಷಿಯಲ್, ಹುಟ್ಟಿದ ದಿನಾಂಕ ಒಂದೇ ಇರಬೇಕು. ವಿದ್ಯಾರ್ಥಿವೇತನ ನೇರವಾಗಿ ಆಧಾರ್ ಜೋಡಿಸಿದ ಖಾತೆಗೆ ಬೀಳುತ್ತದೆ. ‘ಮಂಜೂರಾಗಿದೆ, ದುಡ್ಡು ಮಾತ್ರ ಬಂದಿಲ್ಲ’ ಎನ್ನುವ ಅನೇಕರ ತೊಂದರೆಯ ಮೂಲ ಈ ಜೋಡಣೆ ಆಗದಿರುವುದರಲ್ಲಿದೆ.

ಸಿಇಟಿಗೆ ದ್ವಿತೀಯ ಪಿಯುಸಿ ಓದುತ್ತಿರುವಾಗಲೇ, ಪರೀಕ್ಷೆಗೂ ಮುನ್ನ ಅರ್ಜಿ ಹಾಕಬೇಕು. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿ ಬೋರ್ಡ್ ಪರೀಕ್ಷೆಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳು ಅರ್ಧ, ಸಿಇಟಿ ಅಂಕಗಳು ಅರ್ಧ ಲೆಕ್ಕಕ್ಕೆ ಬರುತ್ತವೆ. ಕೋಚಿಂಗ್ ಸೇರಲು ದುಡ್ಡಿಲ್ಲದೆ ಪಠ್ಯಪುಸ್ತಕವನ್ನೇ ಚೆನ್ನಾಗಿ ಓದಿದ ಮಗುವಿಗೆ ಇದು ದೊಡ್ಡ ಆಸರೆ.

ರ‍್ಯಾಂಕ್ ಬಂದ ಮೇಲೆ ಆಪ್ಷನ್ ಎಂಟ್ರಿ. ಇಲ್ಲಿ ಮಕ್ಕಳು ಹೆಚ್ಚು ಎಡವುತ್ತಾರೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಿಮಗೆ ಬೇಕಾದ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡಬೇಕು. ನಿಮ್ಮ ರ‍್ಯಾಂಕಿನ ಸರದಿ ಬಂದಾಗ ಕಂಪ್ಯೂಟರ್ ಪಟ್ಟಿಯ ಮೇಲಿನಿಂದ ನೋಡುತ್ತಾ ಬಂದು, ಸೀಟು ಉಳಿದಿರುವ ಮೊದಲ ಆಪ್ಷನ್ನನ್ನು ಕೊಡುತ್ತದೆ. ಆದ್ದರಿಂದ ‘ಸಿಗಲಾರದು’ ಎಂದು ಒಳ್ಳೆಯ ಕಾಲೇಜನ್ನು ಕೆಳಗೆ ಹಾಕಬೇಡಿ. ಮೇಲೆ ಹಾಕಿದರೆ ನಷ್ಟವಿಲ್ಲ, ಸಿಗದಿದ್ದರೆ ಮುಂದಿನದನ್ನು ನೋಡುತ್ತದೆ ಅಷ್ಟೆ. ಅದೇ ರೀತಿ, ಸೇರಲು ಮನಸ್ಸಿಲ್ಲದ್ದನ್ನು ಮೇಲೆ ಹಾಕಬೇಡಿ, ಸಿಕ್ಕೇ ಬಿಡಬಹುದು. ಅಣಕು ಹಂಚಿಕೆ, ಅಂದರೆ ಮಾಕ್ ಅಲಾಟ್‌ಮೆಂಟ್ ಬಂದಾಗ ಪಟ್ಟಿಯನ್ನು ತಿದ್ದಿಕೊಳ್ಳುವ ಅವಕಾಶವಿರುತ್ತದೆ.

ನಿಜವಾದ ಹಂಚಿಕೆಯ ನಂತರ ನಾಲ್ಕು ಚಾಯ್ಸ್‌ಗಳು. ಒಂದನೆಯದು, ಸೀಟು ಒಪ್ಪಿದೆ, ಸೇರುತ್ತೇನೆ. ಎರಡನೆಯದು, ಇದು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಒಳ್ಳೆಯದು ಸಿಗುವುದೋ ನೋಡುತ್ತೇನೆ. ಮೂರನೆಯದು, ಈ ಸೀಟು ಬೇಡ, ಮುಂದಿನ ಸುತ್ತಿಗೆ ಹೋಗುತ್ತೇನೆ. ನಾಲ್ಕನೆಯದು, ಈ ಪ್ರಕ್ರಿಯೆಯಿಂದಲೇ ಹೊರಗೆ ಹೋಗುತ್ತೇನೆ. ಎರಡನೆಯದನ್ನು ಆರಿಸಿದವರಿಗೆ ಮುಂದಿನ ಸುತ್ತಿನಲ್ಲಿ ಮೇಲಿನ ಆಪ್ಷನ್ ಸಿಕ್ಕರೆ ಹಳೆಯ ಸೀಟು ತಾನಾಗಿ ಹೋಗುತ್ತದೆ. ಮೂರನೆಯದನ್ನು ಆರಿಸುವ ಮುನ್ನ ಎರಡು ಸಲ ಯೋಚಿಸಿ. ಸೈಬರ್ ಸೆಂಟರಿನವರು ಒತ್ತಲಿ ಎಂದು ಪಾಸ್‌ವರ್ಡ್ ಕೊಟ್ಟು ಬರಬೇಡಿ, ಪಕ್ಕದಲ್ಲಿ ಕೂತು ಪ್ರತಿ ಸಾಲನ್ನೂ ಓದಿ.

ಎಲ್ಲರೂ ಸಿಇಟಿ ಬರೆಯುವುದಿಲ್ಲ. ಬಿಎ, ಬಿಕಾಂ, ಬಿಎಸ್ಸಿ ಓದುವವರ ಸಂಖ್ಯೆ ದೊಡ್ಡದು. ನಾಲ್ಕು ವರ್ಷದ ಪದವಿಯ ಮಾತು ಕೇಳಿ ಗೊಂದಲಗೊಂಡವರಿಗೆ ಹೇಳುತ್ತೇನೆ: 2021ರಲ್ಲಿ ಬಂದ ಆ ವ್ಯವಸ್ಥೆಯನ್ನು ಬಿಟ್ಟು 2024–25ರಿಂದ ರಾಜ್ಯದ ವಿಶ್ವವಿದ್ಯಾಲಯಗಳು ಮೂರು ವರ್ಷದ ಪದವಿಗೆ ಮರಳಿವೆ. ಪಿಯುಸಿಯಲ್ಲಿ ಒಂದೆರಡು ವಿಷಯ ಹೋದವರೂ ಕೈಚೆಲ್ಲಬೇಕಿಲ್ಲ. ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಬೋರ್ಡ್ ಪರೀಕ್ಷೆ ಬರೆಯುವ ಅವಕಾಶವಿದೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ವರ್ಷ ಹಾಳಾಯಿತು ಎಂದು ಮಗಳ ಮದುವೆ ಮಾತು ತೆಗೆಯುವ ಮುನ್ನ ಮುಂದಿನ ಪರೀಕ್ಷೆಯ ದಿನಾಂಕ ನೋಡಿ.

ಹಣದ ಮಾತಿಗೆ ಬರೋಣ. ಕಾಲೇಜು ಫೀಸಿನಷ್ಟೇ ಭಾರವಾದವು ಬಾಡಿಗೆ, ಊಟ, ಬಸ್ಸು, ಪುಸ್ತಕ, ಫೋನು. ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಮೆಟ್ರಿಕ್ ನಂತರದ ಹಾಸ್ಟೆಲ್ ನಡೆಸುತ್ತವೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ‘ವಿದ್ಯಾಸಿರಿ’ ಯೋಜನೆಯಲ್ಲಿ ಊಟ ವಸತಿಗೆ ಹತ್ತು ತಿಂಗಳು ನೆರವು ಸಿಗುವ ವ್ಯವಸ್ಥೆ ಇದೆ. ಶುಲ್ಕ ಮರುಪಾವತಿ ಮತ್ತು ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಎಸ್‌ಎಸ್‌ಪಿ ಇದೆ. ಅಲ್ಲಿ ಪ್ರತಿ ವರ್ಷವೂ ಅರ್ಜಿ ಹಾಕಬೇಕು. ಸರ್ಕಾರಿ ಶಾಲೆ ಕಾಲೇಜುಗಳಲ್ಲಿ ಹತ್ತು ಮತ್ತು ಹನ್ನೆರಡನೆಯ ತರಗತಿ ಮುಗಿಸಿ ಪದವಿ ಅಥವಾ ಡಿಪ್ಲೊಮಾಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ. ಎಂಟನೆಯ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಬರೆದು ಆಯ್ಕೆಯಾದ ಸರ್ಕಾರಿ, ಅನುದಾನಿತ ಶಾಲೆಯ ಮಗುವಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಬಡ ಮನೆಯ ಮಗು ಪಿಯುಸಿ ಮಧ್ಯದಲ್ಲಿ ಬಿಡದೆ ನಿಲ್ಲಲು ಆ ಹಣ ಸಾಕಷ್ಟು ಬಲ ಕೊಡುತ್ತದೆ.

ಶಿಕ್ಷಣ ಸಾಲವೆಂದರೆ ಅನೇಕ ತಂದೆ ತಾಯಿಗಳಿಗೆ ಹೊಲದ ಪತ್ರದ ಭಯ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಏಳೂವರೆ ಲಕ್ಷದವರೆಗೆ ಆಸ್ತಿ ಅಡವು ಬೇಕಿಲ್ಲ. ಮರುಪಾವತಿ ಶುರುವಾಗುವುದು ಓದು ಮುಗಿದು ಒಂದು ವರ್ಷದ ಬಳಿಕ. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ಅಭಿವೃದ್ಧಿ ನಿಗಮದಲ್ಲೂ ಅಲ್ಪಸಂಖ್ಯಾತರಿಗೆ ಅವರ ಅಭಿವೃದ್ಧಿ ನಿಗಮದಲ್ಲೂ ‘ಅರಿವು’ ಎಂಬ ಕಡಿಮೆ ಬಡ್ಡಿಯ ಸಾಲವಿದೆ. ಆದರೂ ಸಾಲ ಸಾಲವೇ. ಆ ಕಾಲೇಜಿನಲ್ಲಿ ಓದಿದವರಿಗೆ ಎಂಥ ಕೆಲಸ ಸಿಕ್ಕಿದೆ ಎಂದು ಅಲ್ಲಿನ ಹಳೆಯ ವಿದ್ಯಾರ್ಥಿಗಳನ್ನು ಕೇಳಿ ತಿಳಿದೇ ಸಹಿ ಹಾಕಿ.

ಸೀಟು ಸಿಕ್ಕಿತು, ಹಾಸ್ಟೆಲ್ಲೂ ಸಿಕ್ಕಿತು ಎಂದುಕೊಳ್ಳೋಣ. ಕಷ್ಟದ ಕಾಲ ಆಗ ಶುರುವಾಗುತ್ತದೆ. ಹತ್ತನೆಯವರೆಗೆ ಕನ್ನಡದಲ್ಲಿ ವಿಜ್ಞಾನ ಕಲಿತವರಿಗೆ ಪಿಯುಸಿಯಲ್ಲಿ ಪಾಠ ಇಂಗ್ಲಿಷಿಗೆ ತಿರುಗುತ್ತದೆ. ವೇಗೋತ್ಕರ್ಷ ಗೊತ್ತು, ಆಕ್ಸಿಲರೇಷನ್ ಗೊತ್ತಿಲ್ಲ. ದ್ಯುತಿಸಂಶ್ಲೇಷಣೆ ಗೊತ್ತು, ಫೋಟೊಸಿಂಥೆಸಿಸ್ ಎಂದಾಗ ತಲೆ ತಗ್ಗುತ್ತದೆ. ಗೊತ್ತಿರುವುದು ಗೊತ್ತಿಲ್ಲದ ಹಾಗೆ ಆಗಿಬಿಡುವ ಈ ಸಂಕಟದಲ್ಲಿ ಒಳ್ಳೆಯ ಮಕ್ಕಳು ‘ನಾನು ದಡ್ಡ’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಉಪನ್ಯಾಸಕ ಮಿತ್ರರಲ್ಲಿ ನನ್ನ ವಿನಂತಿ ಇದು: ಮೊದಲ ಆರು ವಾರ ಪ್ರತಿ ಪಾರಿಭಾಷಿಕ ಪದವನ್ನೂ ಎರಡೂ ಭಾಷೆಯಲ್ಲಿ ಬೋರ್ಡಿನ ಮೇಲೆ ಬರೆಯಿರಿ. ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲು ಬಿಡಿ. ವಿದ್ಯಾರ್ಥಿಗಳೇ, ನೀವು ನಿಮ್ಮ ಹಳೆಯ ವಿಜ್ಞಾನ ಪುಸ್ತಕವನ್ನು ಮಾರಬೇಡಿ. ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ ಬರೆದ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನೀಟ್, ಜೆಇಇ ಮೇನ್ ಪರೀಕ್ಷೆಗಳ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ ಎಂಬುದೂ ನೆನಪಿರಲಿ.

ಕಾಲೇಜಿನ ರೀತಿನೀತಿಯೂ ಹೊಸದು. ಹಾಜರಾತಿ ಶೇ. 75ಕ್ಕಿಂತ ಕಡಿಮೆಯಾದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಇಂಟರ್ನಲ್ ಅಂಕಗಳು ಸೆಮಿಸ್ಟರ್ ಉದ್ದಕ್ಕೂ ಸೇರುತ್ತಾ ಹೋಗುತ್ತವೆ. ಕೊನೆಯ ತಿಂಗಳು ಓದಿ ಪಾಸಾಗುವ ಅಭ್ಯಾಸ ಇಲ್ಲಿ ನಡೆಯದು. ಇವನ್ನು ಮೊದಲ ವಾರದಲ್ಲೇ ಬಿಡಿಸಿ ಹೇಳುವುದು ಕಾಲೇಜಿನ ಹೊಣೆ.

ತಂದೆ ತಾಯಿಗಳಿಗೆ ಒಂದು ಮಾತು. ‘ನಮಗೇನು ಗೊತ್ತಾಗುತ್ತದೆ ಸಾರ್, ನಾವು ಓದಿದವರಲ್ಲ’ ಎಂದು ಹಿಂದೆ ಸರಿಯಬೇಡಿ. ಮಗು ಮನೆಗೆ ಫೋನ್ ಮಾಡಿದಾಗ ಅಂಕ ಕೇಳುವ ಮುನ್ನ ಊಟ ಆಯಿತೇ, ನಿದ್ದೆ ಬರುತ್ತದೆಯೇ, ಜೊತೆಗಾರರು ಹೇಗಿದ್ದಾರೆ ಎಂದು ಕೇಳಿ. ವರ್ಷದಲ್ಲಿ ಒಮ್ಮೆಯಾದರೂ ಕಾಲೇಜಿಗೆ ಹೋಗಿ ಮೇಷ್ಟ್ರನ್ನು ಕಂಡು ಬನ್ನಿ. ರ‍್ಯಾಗಿಂಗ್ ಕಾಟವಿದ್ದರೆ ಯುಜಿಸಿಯ ಉಚಿತ ಸಹಾಯವಾಣಿ 1800-180-5522. ಮನಸ್ಸು ಕುಸಿದಾಗ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಈ ಎರಡು ಸಂಖ್ಯೆಗಳನ್ನು ಮಗುವಿನ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಇಟ್ಟುಕೊಳ್ಳಿ.

ಇಷ್ಟೆಲ್ಲ ಕೇಳಿದ ಮೇಲೆ, ಈ ಹೊಣೆ ಯಾರದು ಎಂದು ನೀವು ಕೇಳಬಹುದು. ಸರ್ಕಾರದ್ದು ಹೌದು, ಕಾಲೇಜುಗಳದ್ದು ಹೌದು. ಆದರೆ ಕಾಲೇಜು ಮೆಟ್ಟಿಲು ಹತ್ತಿ ಇಳಿದ ಪ್ರತಿಯೊಬ್ಬರದ್ದೂ ಹೌದು. ಪ್ರತಿ ಪ್ರೌಢಶಾಲೆಯಲ್ಲಿ, ಪಿಯು ಕಾಲೇಜಿನಲ್ಲಿ ಒಬ್ಬ ಅಧ್ಯಾಪಕರು ಇದಕ್ಕೆಂದೇ ನಿಲ್ಲಲಿ. ಯಾವ ತಿಂಗಳಲ್ಲಿ ಯಾವ ಅರ್ಜಿ, ಯಾವ ದಾಖಲೆ ಎಂಬ ಪಟ್ಟಿ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿರಲಿ. ಪದವಿ ಓದುತ್ತಿರುವ ಹಳೆಯ ವಿದ್ಯಾರ್ಥಿಗಳನ್ನು ದಸರಾ ರಜೆಯಲ್ಲಿ ಕರೆಸಿ ಕಿರಿಯರೊಂದಿಗೆ ಒಂದು ಮಧ್ಯಾಹ್ನ ಕೂರಿಸಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಆಪ್ಷನ್ ಎಂಟ್ರಿಯ ದಿನಗಳಲ್ಲಿ ತಿಳಿದವರೊಬ್ಬರು ಕುಳಿತರೆ ಊರಿನ ಎಷ್ಟೋ ಮಕ್ಕಳ ಸೀಟು ಉಳಿಯುತ್ತದೆ.

ಈಗ ಕೇಳುತ್ತಿರುವ ನಿಮ್ಮಲ್ಲಿ ಪದವಿ ಪಡೆದವರು ಬಹಳ ಮಂದಿ ಇದ್ದೀರಿ. ನಿಮ್ಮ ಬೀದಿಯಲ್ಲಿ, ನಿಮ್ಮ ಹುಟ್ಟೂರಿನಲ್ಲಿ, ನಿಮ್ಮ ಮನೆಗೆ ಕೆಲಸಕ್ಕೆ ಬರುವವರ ಮನೆಯಲ್ಲಿ ಈ ವರ್ಷ ಹತ್ತನೆಯದೋ ಪಿಯುಸಿಯೋ ಓದುತ್ತಿರುವ ಮಗು ಯಾರೆಂದು ಕೇಳಿ ತಿಳಿಯಿರಿ. ಈ ಭಾನುವಾರವೇ ಆ ಮನೆಗೆ ಹೋಗಿ ದಾಖಲೆಗಳನ್ನು ಒಟ್ಟಿಗೆ ನೋಡಿ, ಯಾವುದು ಇದೆ, ಯಾವುದು ಇಲ್ಲ ಎಂದು ಬರೆದು ಕೊಡಿ. ಆ ಮನೆಯಿಂದ ಒಬ್ಬರು ಪದವೀಧರರಾದರೆ ಅವರ ತಮ್ಮ ತಂಗಿಯರಿಗೆ ದಾರಿ ಹೇಳಲು ಹೊರಗಿನವರು ಬೇಕಾಗುವುದಿಲ್ಲ.