ಕಸಕ್ಕೆ ಬೆಲೆ ಬಂತು, ಕೈಗೆ ಹೆಸರು ಬಂತಾ?



2022ರಲ್ಲಿ ಬಾಲೆನ್ಸಿಯಾಗ ಅನ್ನೋ ಫ್ಯಾಷನ್ ಕಂಪನಿ ಒಂದು ಚೀಲ ತಂತು. ನೋಡೋಕೆ ಥೇಟ್ ಕಸದ ಚೀಲ, ಮಾಡಿದ್ದು ಮಾತ್ರ ಕರುವಿನ ಚರ್ಮದಲ್ಲಿ. ಬೆಲೆ 1,790 ಡಾಲರ್! ಅದು ಬರೀ ಕಸದ ವೇಷ.

ಇವತ್ತು ನಾನು ಹೇಳೋದು ಇದರ ಉಲ್ಟಾ ಕಥೆ. ನಿಜವಾದ ಕಸವೇ ಫ್ಯಾಷನ್ ಆಗಿದ್ದು, ಮುಂಬೈನ ಧಾರಾವಿಯಲ್ಲಿ.

ಧಾರಾವಿ ಅಂದ ಕೂಡಲೇ ನಮಗೆ ನೆನಪಾಗೋದು ಸ್ಲಮ್. ಆದರೆ ಅದು ದುಡಿಯೋ ಊರು ಕೂಡ. ಅಲ್ಲಿನ 13ನೇ ಕಾಂಪೌಂಡ್‌ನಲ್ಲಿ ಮುಂಬೈ ಬಿಸಾಕಿದ ಪ್ಲಾಸ್ಟಿಕ್ಕು, ಡಬ್ಬ, ರಟ್ಟು ಎಲ್ಲವನ್ನೂ ವಿಂಗಡಿಸಿ ಮತ್ತೆ ಕಚ್ಚಾ ಮಾಲು ಮಾಡ್ತಾರೆ. ಚರ್ಮದ ಕೆಲಸಕ್ಕೂ ಧಾರಾವಿ ಹೆಸರುವಾಸಿ. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಹಸುವಿನ ಜೊತೆಗೆ ಎತ್ತು, ಹೋರಿಗಳ ವಧೆಯನ್ನೂ ನಿಷೇಧಿಸಿತು. ಚರ್ಮ ಸಿಗೋದು ಕಷ್ಟ ಆಯ್ತು, ಅನೇಕರ ಕೈ ಖಾಲಿ ಆಯ್ತು.

ಅದಾದ ಮೇಲೆ ಸುಧೀರ್ ರಾಜ್‌ಭರ್ ಅನ್ನೋ ಕಲಾವಿದ ಈ ಕೆಲಸಗಾರರ ಜೊತೆ ಸೇರಿ, ಹಳೇ ಟಯರ್ ರಬ್ಬರನ್ನು ಮರುಬಳಕೆ ಮಾಡಿದ ಹಾಳೆಯಿಂದ ಬ್ಯಾಗ್ ಮಾಡಿಸಿದರು. ಚರ್ಮ ಹೋದರೂ ಕೈಚಳಕ ಉಳೀತು. ಬ್ರ್ಯಾಂಡಿಗೆ ಇಟ್ಟ ಹೆಸರು 'ಚಮಾರ್'. ಉತ್ತರ ಭಾರತದಲ್ಲಿ ಬೈಗುಳದ ಹಾಗೆ ಬಳಸೋ ಜಾತಿ ಹೆಸರು ಅದು. ಆ ಹೆಸರಿನ ಬ್ಯಾಗನ್ನ ಈಗ ದುಡ್ಡಿರೋರು ಹೆಗಲಿಗೆ ಹಾಕ್ಕೊಂಡು ತಿರುಗ್ತಾರೆ. 2024ರಲ್ಲಿ ಈ ಬ್ರ್ಯಾಂಡಿನ ಕುರ್ಚಿಗಳು ಅಮೆರಿಕದ 'ಡಿಸೈನ್ ಮಯಾಮಿ' ಮೇಳಕ್ಕೂ ಹೋದವು.

ರಬ್ಬರ್ ಹಾಳೆ ಯಾರು ಬೇಕಾದ್ರೂ ತರಬಹುದು. ಮಾಡಿದವರ ಹೆಸರನ್ನೇ ಮುಂದೆ ಇಡೋದಕ್ಕೆ ಧೈರ್ಯ ಬೇಕು.

ಯಾಕೆ ಅಂತೀರಾ? ನಮ್ಮ ಕಡೆದೇ ನೋಡಿ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ತು. ಅದರಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಇವೆ. ಆದರೂ 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಅಂಥದ್ದೇ ಚಪ್ಪಲಿ ತೋರಿಸಿದಾಗ ಮೂಲದ ಬಗ್ಗೆ ಒಂದು ಮಾತೂ ಇರಲಿಲ್ಲ. ಜನ ಗಲಾಟೆ ಮಾಡಿದ ಮೇಲೇ ಒಪ್ಪಿಕೊಂಡಿತು.

ನಾವು ಐಟಿ ಜನ. ಒಂದು ಸಾಲು ಕೋಡ್ ಬದಲಾಯಿಸಿದ್ರೂ ಗಿಟ್‌ನಲ್ಲಿ ನಮ್ಮ ಹೆಸರು ಉಳಿಯತ್ತೆ. ನಮ್ಮ ಲ್ಯಾಪ್‌ಟಾಪ್ ಬ್ಯಾಗ್ ಹೊಲಿದವರ ಹೆಸರು ಎಲ್ಲಿ ಉಳಿಯತ್ತೆ ಹೇಳಿ?

ಮುಂದಿನ ಸಲ 'ರಿಸೈಕಲ್ಡ್' ಅಂತ ಬರೆದಿರೋ ಬ್ಯಾಗ್ ಕೊಳ್ಳುವಾಗ ಅದು ಯಾವ ಕಸದಿಂದ ಬಂತು ಅಂತ ಕೇಳಿ. ಜೊತೆಗೆ, ಯಾರ ಕೈಯಿಂದ ಬಂತು ಅಂತಾನೂ ಕೇಳಿ.