ತೂತಿಲ್ಲದ ಕೈಗವಸೂ ಸೋರುತ್ತದೆ

(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಜಾತ್ರೆಯಲ್ಲಿ ಮಗುವಿಗೆ ಕೊಡಿಸಿದ ಬಲೂನು ರಾತ್ರಿ ಬಿಗಿಯಾಗಿರುತ್ತದೆ, ಬೆಳಗಾಗುವಷ್ಟರಲ್ಲಿ ಸೊರಗಿರುತ್ತದೆ. ಹುಡುಕಿದರೂ ತೂತು ಕಾಣದು. ಗಾಳಿ ಹೋದದ್ದೆಲ್ಲಿಂದ? ರಬ್ಬರಿನ ಮೈಯೊಳಗಿಂದಲೇ. ನಾವು ಮೇಷ್ಟರಾಗಿದ್ದಾಗ ಹುಡುಗರಿಗೆ ಇದನ್ನು ಹೇಳಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆವು. ಇದು ಜೀವದ ಪ್ರಶ್ನೆಯೆಂದು ಆಗ ಹೊಳೆದಿರಲಿಲ್ಲ.

ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕ್ಯಾರೆನ್ ವೆಟರ್‌ಹಾನ್ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕಿ ಇದ್ದರು. ವಿಷಲೋಹಗಳೇ ಅವರ ಅಭ್ಯಾಸದ ವಿಷಯ. 1996ರ ಆಗಸ್ಟಿನಲ್ಲಿ ಡೈಮಿಥೈಲ್ ಮರ್ಕ್ಯುರಿ ಎಂಬ ಪಾದರಸದ ದ್ರವದ ಕೆಲವೇ ಹನಿ ಅವರ ರಬ್ಬರ್ ಗವಸಿನ ಮೇಲೆ ಬಿತ್ತು. ಸುಮಾರು ಐದು ತಿಂಗಳಾದ ಮೇಲೆ ನಡಿಗೆ ತಪ್ಪಿತು, ಮಾತು ತೊದಲಿತು. 1997ರ ಜೂನ್ 8ರಂದು ತೀರಿಕೊಂಡರು, ವಯಸ್ಸು 48. ಆಮೇಲೆ ಅಂಥ ಗವಸನ್ನು ಪರೀಕ್ಷಿಸಿದಾಗ, ಆ ದ್ರವ 15 ಸೆಕೆಂಡಿನೊಳಗೇ ದಾಟುತ್ತದೆಂದು ತಿಳಿಯಿತು.

ಅಷ್ಟು ಓದಿದವರ ಗತಿಯೇ ಹೀಗಾದರೆ, ಬಣ್ಣದ ಖಾತೆಯಲ್ಲಿ ದಿನವಿಡೀ ಡ್ರಮ್ಮಿನ ಮುಚ್ಚಳ ತೆಗೆಯುವವನಿಗೆ "ಗ್ಲೌಸು ಕೊಟ್ಟಿದ್ದೇವಲ್ಲ" ಎಂದರೆ ಸಾಕೆ? ಅನಿಲೀನ್ ಚರ್ಮದ ಮೂಲಕವೇ ರಕ್ತಕ್ಕೆ ಇಳಿಯುತ್ತದೆ. ತುಟಿ, ಉಗುರು ನೀಲಿಗಟ್ಟಿದ ಮೇಲಷ್ಟೇ ಕಣ್ಣಿಗೆ ಬೀಳುತ್ತದೆ.

ಪರೀಕ್ಷೆಯ ಕ್ರಮ ಇಷ್ಟೇ. ಗವಸಿನ ತುಂಡನ್ನು ಎರಡು ಅರೆಗಳ ನಡುವೆ ಬಿಗಿಯುತ್ತಾರೆ. ಒಂದು ಕಡೆ ರಾಸಾಯನಿಕ, ಇನ್ನೊಂದು ಕಡೆ ಗಾಳಿ. ಆ ಗಾಳಿಯಲ್ಲಿ ರಾಸಾಯನಿಕದ ಸುಳಿವು ಯಂತ್ರಕ್ಕೆ ಸಿಗಲು ಎಷ್ಟು ನಿಮಿಷ ಹಿಡಿಯಿತೋ ಅಷ್ಟೇ ಆ ಗವಸಿನ ಆಯುಷ್ಯ. ಎಲ್ಲಕ್ಕೂ ಒಂದೇ ಗವಸು ಎಂಬುದು ಸುಳ್ಳು. ಎಣ್ಣೆಯನ್ನು ಚೆನ್ನಾಗಿ ತಡೆಯುವ ನೈಟ್ರೈಲ್ ಗವಸನ್ನು ಅಸಿಟೋನ್ ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಅಸಿಟೋನಿಗೆ ಗಂಟೆಗಟ್ಟಲೆ ಜಗ್ಗದ ಬ್ಯುಟೈಲ್ ರಬ್ಬರು ಪೆಟ್ರೋಲಿಗೆ ಉಬ್ಬಿಕೊಳ್ಳುತ್ತದೆ. ಇದೆಲ್ಲ ಮಾರುವವರಿಗೆ ಗೊತ್ತು, ತೊಡುವವರಿಗೆ ಹೇಳುವವರಿಲ್ಲ.

ಗವಸಿನೊಳಗೆ ಬೆರಳಿಗೆ ಅಂಟಿಸಿಕೊಳ್ಳುವ, ವಿಷ ತಾಗಿದರೆ ಬಣ್ಣ ಬದಲಾಗುವ ಪಟ್ಟಿಗಳೂ ಇವೆ; ಆದರೆ ಕೆಲವು ರಾಸಾಯನಿಕಗಳಿಗೆ ಮಾತ್ರ. ಗಾಳಿ ತುಂಬಿ ನೀರಿಗೆ ಅದ್ದುವ ನಮ್ಮ ಪದ್ಧತಿ ತೂತನ್ನು ತೋರಿಸೀತು, ಈ ಸೋರಿಕೆಯನ್ನಲ್ಲ.

ರಾಸಾಯನಿಕಕ್ಕೊಂದು ಸುರಕ್ಷತಾ ಪತ್ರವಿರುತ್ತದೆ. ಅದರ 8ನೆಯ ಭಾಗ ಗವಸು, ಉಡುಪುಗಳದ್ದು. ಅದನ್ನು ಕೇಳಿ ಪಡೆಯಿರಿ. ಇಂಗ್ಲಿಷಿನಲ್ಲಿದ್ದರೆ ಕಚೇರಿಗೆ ತನ್ನಿ, ಕೂತು ಓದೋಣ. ಎಷ್ಟು ನಿಮಿಷ ತಡೆಯುತ್ತದೆಂದು ಅಲ್ಲಿ ಬರೆದಿರದಿದ್ದರೆ ಗವಸು ಮಾಡಿದವರ ಪಟ್ಟಿಯನ್ನೇ ಕೇಳೋಣ. ಬಣ್ಣ, ತಿನ್ನರು ಮಾರುವ ಅಂಗಡಿಯವರಿಗೂ ಈ ಮಾತು ಸಲ್ಲುತ್ತದೆ.

ಇನ್ನೊಂದು. ಸಂಜೆ ಗವಸು ತೊಳೆದು ಮೊಳೆಗೆ ನೇತುಹಾಕುತ್ತೀರಿ. ತೊಳೆದದ್ದು ಮೇಲ್ಮೈ ಮಾತ್ರ. ರಬ್ಬರಿನ ಮೈಗೆ ಸೇರಿದ ದ್ರವ ರಾತ್ರಿಯಿಡೀ ಒಳಕ್ಕೆ ಸರಿಯುತ್ತಿರುತ್ತದೆ. ಬೆಳಿಗ್ಗೆ ನೀವು ಕೈ ತೂರಿಸುವ ಹೊತ್ತಿಗೆ ಅದು ಒಳಗಡೆ ಬಂದಿರುತ್ತದೆ.