ಮಾಳಿಗೆ ಮೇಲಿನ ಬಾಟಲಿ



ನವಲಗುಂದ, ಅಣ್ಣಿಗೇರಿ ಕಡೆ ನಮ್ಮದು ಎರೆಹೊಲದ ನಾಡು. ಬೋರ್ ಹೊಡೆದರೆ ಬಹಳ ಕಡೆ ಸವಳು ನೀರು ಬರತದ. ಅದಕ್ಕ ಹಿಂದಿನಿಂದಲೂ ಕೆರೆ ನೀರು ಕುಡಿಯುತ್ತ ಬಂದೇವಿ. ಈಗ ಎಷ್ಟೋ ಊರಿಗೆ ನಳ ಬಂದಾವ. ಆದರೂ ನೀರು ಬಿಡದ ದಿನ ಕೊಡ ಹಿಡಿದು ಕೆರೆಗೇ ಹೋಗಬೇಕು. ಮಳೆ ಬಿದ್ದು ಹೊಲಸು ಕೆರೆಗೆ ಹರಿದರೆ ಮಕ್ಕಳಿಗೆ ವಾಂತಿ ಭೇದಿ ಸುರುವಾಗತದ.

ಆ ನೀರಿನೊಳಗ ಏನದ? ಬ್ಯಾಕ್ಟೀರಿಯಾ. ಕಣ್ಣಿಗೆ ಕಾಣದ ಸಣ್ಣ ಜೀವಿಗಳು. ಎಲ್ಲವೂ ಕೆಟ್ಟವಲ್ಲ. ಹಾಲು ಹೆಪ್ಪಾಗೂದು ಅವುಗಳಿಂದಲೇ. ಆದರೆ ಕಾಲರಾ, ಟೈಫಾಯ್ಡ್ ತರುವಂಥವೂ ಅದಾವ. ಅವಕ್ಕ ಬಿಸಿಲು ಅಂದರೆ ಆಗೂದಿಲ್ಲ.

1877ರಲ್ಲಿ ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ಎಂಬ ಇಬ್ಬರು ಇದನ್ನು ತೋರಿಸಿದರು. ಗಾಜಿನ ಕೊಳವೆಗಳಲ್ಲಿ ಸಕ್ಕರೆ ಬೆರೆತ ದ್ರವ ತುಂಬಿದರು. ಕೆಲವನ್ನು ಬಿಸಿಲಿಗೆ ಇಟ್ಟರು, ಕೆಲವನ್ನು ಕತ್ತಲಲ್ಲಿ ಇಟ್ಟರು. ಕತ್ತಲಲ್ಲಿದ್ದ ದ್ರವ ಕೆಟ್ಟು ಮಬ್ಬಾಯಿತು. ಬಿಸಿಲಲ್ಲಿದ್ದದ್ದು ತಿಳಿಯಾಗೇ ಉಳಿಯಿತು. ಬಿಸಿಲಿನೊಳಗ ನೇರಳಾತೀತ ಎಂಬ ಕಾಣದ ಕಿರಣ ಅದಾವ. ಅವು ಬ್ಯಾಕ್ಟೀರಿಯಾದ ಒಡಲನ್ನೇ ಕೆಡಸತಾವ. ನೀರು ಬಿಸಿಯಾದಷ್ಟೂ ಕೆಲಸ ಲಗೂನ ಆಗತದ.

"ಹಂಗಾದರ ಬಿಸಿಲಿಗೆ ಬಿದ್ದ ಕೆರೆ ಯಾಕ ಸ್ವಚ್ಛ ಆಗಂಗಿಲ್ಲ?" ಅಂತ ನೀವು ಕೇಳಬಹುದು. ಕೇಳಲೇಬೇಕು. ಕೆರೆ ಆಳ ಅದ, ನೀರು ರಾಡಿ ಅದ. ಬೆಳಕು ಒಳಗ ಇಳಿಯೂದಿಲ್ಲ. ದಿನಾ ಹೊಸ ಹೊಲಸು ಸೇರತದ. ಮತ್ತ ಬಿಸಿಲಿನಿಂದಲೇ ಬದುಕುವ ನೀಲಿ-ಹಸಿರು ಬ್ಯಾಕ್ಟೀರಿಯಾ ಬೇರೆ ಅದಾವ. ಎಲೆ ಹಂಗ ಬೆಳಕಿನಿಂದ ಊಟ ಮಾಡಿಕೊಂಡು ಕೆರೆ ಹಸಿರು ಮಾಡತಾವ. ಅಂಥ ಹಸಿರು ನೀರು ತರಬ್ಯಾಡ್ರಿ. ಬಿಸಿಲಿಗಿಟ್ಟರೂ ಕುದಿಸಿದರೂ ಅದರ ವಿಷ ಹೋಗೂದಿಲ್ಲ.

ಅದಕ್ಕ ಬಾಟಲಿ ಬೇಕು. ನೀರು ಮಾರುವ ಬಣ್ಣವಿಲ್ಲದ ಪ್ಲಾಸ್ಟಿಕ್ ಬಾಟಲಿ, 2 ಲೀಟರಿಗಿಂತ ದೊಡ್ಡದು ಬ್ಯಾಡ. ಮೇಲಿನ ಚೀಟಿ ಕಿತ್ತು ತೊಳೀರಿ. ನೀರನ್ನು ತಿಳಿಯಾಗಲು ಬಿಟ್ಟು, ಅರಿವೆಯಲ್ಲಿ ಸೋಸಿ ತುಂಬ್ರಿ. ಈಗ ಈ ಪುಸ್ತಕದ ಹೆಸರಿನ ದಪ್ಪ ಅಕ್ಷರದ ಮೇಲೆ ಬಾಟಲಿ ನಿಲ್ಲಿಸಿ, ಬಾಯಿಯಿಂದ ಕೆಳಗೆ ನೋಡ್ರಿ. ಅಕ್ಷರ ಓದಾಕ ಬಂದರೆ ನೀರು ಸಾಕಷ್ಟು ತಿಳಿ ಅದ. ಬರದಿದ್ದರೆ ತಪ್ಪು ನಿಮ್ಮ ಕಲಿಕೆಯದಲ್ಲ, ನೀರಿಂದು! ಮತ್ತೊಮ್ಮೆ ಸೋಸ್ರಿ.

ಮುಚ್ಚಳ ಹಾಕಿ, ಮಾಳಿಗೆ ಮೇಲೆ ಅಡ್ಡ ಮಲಗಿಸಿ ಇಡ್ರಿ. ಮುಂಜಾನೆ 9ರಿಂದ ಮಧ್ಯಾಹ್ನ 3ರ ತನಕ, ಅಂದರೆ 6 ತಾಸು. ಅರ್ಧಕ್ಕಿಂತ ಹೆಚ್ಚು ಮೋಡ ಇದ್ದರೆ 2 ದಿನ. ಆರಿದ ಮೇಲೆ ಅದೇ ಬಾಟಲಿಯಿಂದ ಕುಡೀರಿ. ಹರವಿಗೆ ಸುರುವಿದರೆ ಮತ್ತೆ ಹೊಲಸು ಸೇರತದ.

ಬಿಸಿಲಿಗೆ ಸವಳು ಹೋಗೂದಿಲ್ಲ. ಹೊಲಕ್ಕೆ ಹೊಡೆದ ಔಷಧದ ವಿಷವೂ ಹೋಗೂದಿಲ್ಲ. ರೋಗಾಣು ಕೊಲ್ಲಾಕ ಕುದಿಸೂದೇ ಇದಕ್ಕಿಂತ ಗಟ್ಟಿ ಉಪಾಯ. ಆದರೆ ದಿನಾ ಕುದಿಸಾಕ ಕಟಗಿ, ಗ್ಯಾಸು ಎಲ್ಲಾರ ಮನಿಯೊಳಗ ಎಲ್ಲಿ ಸಾಲತಾವ? ಬಿಸಿಲಿದ್ದ ದಿನ ಮಾಳಿಗೆ ಸಾಕು. ಜಡಿ ಮಳೆ ಹಿಡಿದ ದಿನ ಮಾತ್ರ ಒಲಿ ಹಚ್ಚಲೇಬೇಕು.